ಎಳ್ಳಮಾವಾಸ್ಯೆಯ ಮರುದಿನದ ನೀರು

ಖಾನಾಪುರದ ಮಾಮಾನ ಅಡುಗೆಮನೆಯ ಗೋಡೆಗೆ ಕಳೆದ ವರ್ಷ ತೂಗುಹಾಕಿದ್ದ ಕ್ಯಾಲೆಂಡರಿನಲ್ಲಿ ಮೂರು ಬಗೆಯ ಗುರುತುಗಳಿದ್ದವು. ಸೋಮವಾರ, ಬುಧವಾರ, ಶುಕ್ರವಾರಗಳಿಗೆ ಕೆಂಪು ಸುತ್ತು, ಅದು ಅತ್ತೆಯದು. ಆ ದಿನಗಳಂದು ಮಾಮಾ ಬೆಳಗಾವಿಗೆ ಹೋಗಿ ನಾಲ್ಕು ತಾಸು ಡಯಾಲಿಸಿಸ್ ಮಶಿನ್ನಿನ ಪಕ್ಕ ಮಲಗಬೇಕಿತ್ತು. ಅಮಾವಾಸ್ಯೆ, ಹುಣ್ಣಿಮೆಗಳ ಆಚೀಚೆ ನೀಲಿ ಗೆರೆ, ಅದು ನನ್ನದು. ಆಗ ಸಮುದ್ರದ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ, ನದಿ ಸಮುದ್ರ ಸೇರುವ ಜಾಗದಲ್ಲಿ ಮೀನು ಓಡಾಡುತ್ತದೆ. ಮೂರನೆಯದು ಗಾಳಿ. ಅದನ್ನು ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೆ, ಏಕೆಂದರೆ ಗಾಳಿಯ ಮುನ್ಸೂಚನೆ ದಿನದಿನಕ್ಕೆ ಬದಲಾಗುತ್ತದೆ, ಅಳಿಸಬೇಕಾಗುತ್ತದೆ.

ಮಾಮಾ ನನ್ನ ತಾಯಿಯ ತಮ್ಮ. ನಿವೃತ್ತನಾಗುವವರೆಗೆ ಬಸ್ ಓಡಿಸಿದ. ಅದರಲ್ಲಿ ಬಹಳ ವರ್ಷ ಅವನ ಪಾಲಿಗೆ ಬಂದದ್ದು ಅಣಶಿ ಘಟ್ಟ ಇಳಿದು ಕಾರವಾರಕ್ಕೆ ಹೋಗಿ ರಾತ್ರಿ ಅಲ್ಲೇ ನಿಲ್ಲುವ ಗಾಡಿ. ಸಂಜೆ ಗಾಡಿ ನಿಲ್ಲಿಸಿದ ಮೇಲೆ ಬೇರೆ ಕೆಲಸವಿರಲಿಲ್ಲ. ಕಾಳಿ ನದಿಯ ಮುಖದಲ್ಲಿರುವ ಬಂಡೆಗಳ ಮೇಲೆ ಊರಿನವರ ಜೊತೆ ಕೂತು ಗಾಳ ಹಾಕುವುದನ್ನು ಕಲಿತ. ಘಟ್ಟದ ಮೇಲಿನ ನಮ್ಮ ಮನೆತನದಲ್ಲಿ ಸಮುದ್ರದ ಮೀನನ್ನು ಪೇಟೆಯಲ್ಲಿ ಕೊಂಡವರೇ ಹೊರತು ಹಿಡಿದವರು ಅವನ ಮೊದಲು ಯಾರೂ ಇರಲಿಲ್ಲ. ಅವನ ನಂತರ ನಾನು.

ನಾನು ಬೆಳಗಾವಿಯ ಅನಗೋಳದಲ್ಲಿ ತಂದೆತಾಯಿಯ ಜೊತೆ ಇದ್ದೇನೆ. ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕರಗಿದ ಕಬ್ಬಿಣದ ಉಷ್ಣತೆಯನ್ನು ಅಳೆದು ಬರೆದಿಡುವ ಕೆಲಸ ನನ್ನದು. ಮನೆಗೆ ಬಂದ ಮೇಲೂ ಬರೆಯುವ ಚಟ ಬಿಡುವುದಿಲ್ಲ. ಮಾಮಾನ ಜೊತೆ ಸಮುದ್ರಕ್ಕೆ ಹೋದ ಪ್ರತಿ ಸಲದ ತಾರೀಖು, ತಿಥಿ, ಗಾಳಿಯ ದಿಕ್ಕು, ಸಿಕ್ಕ ಮೀನು ಎಲ್ಲವೂ ನನ್ನ ದಿನಚರಿಯಲ್ಲಿವೆ. ಮೂವತ್ತೊಂದು ಸಲ ಹೋಗಿದ್ದೇವೆ. ಹದಿನೇಳು ಸಲ ಬರಿಗೈಯಲ್ಲಿ ಬಂದಿದ್ದೇವೆ. ಈ ಲೆಕ್ಕ ಓದಿ ಹೇಳಿದರೆ ಮಾಮಾ, "ಬರಿಗೈಲೆ ಬಂದದ್ದ ಯಾಕ ಬರೀತಿ? ಅಲ್ಲಿ ಕುಂತು ಚಾ ಕುಡದದ್ದ ಬರಿ," ಎನ್ನುತ್ತಿದ್ದ.

ನೀರಿನ ಲೆಕ್ಕ ನಾನು ಕಲಿತದ್ದು ಅವನಿಂದಲೇ. ಅಮಾವಾಸ್ಯೆಯ ದಿನ ಕಾಳಿಯ ಮುಖದಲ್ಲಿ ನೀರು ತುಂಬುವುದು ಬೆಳಗಿನ ಹನ್ನೊಂದರ ಸುಮಾರಿಗೆ. ಅಲ್ಲಿಂದ ತಿಥಿಗೆ ಎರಡು ಗಳಿಗೆ, ಅಂದರೆ ಮುಕ್ಕಾಲು ತಾಸು ಕೂಡಿಸುತ್ತ ಹೋಗಬೇಕು. ತುಂಬಿದ ನೀರು ಆರು ತಾಸಿಗೆ ಇಳಿದು ಮುಗಿಯುತ್ತದೆ, ಮತ್ತೆ ಏರತೊಡಗುತ್ತದೆ. ಈಗ ಫೋನಿನಲ್ಲಿ ಎಲ್ಲ ಸಿಗುತ್ತದೆ. ಆದರೂ ನಾನು ಮೊದಲು ಬೆರಳಲ್ಲಿ ಎಣಿಸಿ, ಆಮೇಲೆ ಫೋನ್ ನೋಡುತ್ತೇನೆ. ಗಾಳಿಯದು ಬೇರೆ ಪಾಠ. ಚಳಿಗಾಲದಲ್ಲಿ ಬೆಳಗಿನ ಹೊತ್ತು ಘಟ್ಟದಿಂದ ಸಮುದ್ರದ ಕಡೆಗೆ ಮೂಡಗಾಳಿ ಬೀಸುತ್ತದೆ, ನೀರು ಹಾಸಿದ ಬಟ್ಟೆಯಂತೆ ಇರುತ್ತದೆ. ಬಿಸಿಲೇರಿದ ಮೇಲೆ ಗಾಳಿ ತಿರುಗಿ ಪಡುವಣದಿಂದ ಬರುತ್ತದೆ, ತೆರೆ ಬಂಡೆಗೆ ಬಡಿಯುತ್ತದೆ, ಗಾಳದ ದಾರ ನಿಲ್ಲುವುದಿಲ್ಲ. ಏರುವ ನೀರು ಮತ್ತು ಮೂಡಗಾಳಿ ಎರಡೂ ಕೂಡಿ ಬರುವ ಎರಡು ಮೂರು ತಾಸುಗಳಿಗಾಗಿಯೇ ನಮ್ಮ ಯೋಜನೆಯೆಲ್ಲ.

ಮಾಮಾನ ಕಿಡ್ನಿಗಳು ಕೈಕೊಟ್ಟ ಮೇಲೆ ಇದಕ್ಕೆ ಅತ್ತೆಯ ಕೆಂಪು ಸುತ್ತುಗಳೂ ಸೇರಿದವು. ಕುಡಿಯುವ ನೀರಿಗೆ ಅಳತೆ ಬಂತು, ಉಪ್ಪು ನಿಂತಿತು. ಅತ್ತೆ ಉಪ್ಪಿಲ್ಲದ ಮೀನಿನ ಸಾರು ಮಾಡಿಟ್ಟಾಗ ಅವನು ತಟ್ಟೆ ನೋಡಿ, "ಸಮುದ್ರದಾಗ ಹುಟ್ಟಿ ಬೆಳದದ್ದು, ನಮ್ಮ ಮನಿಗೆ ಬಂದು ಸಪ್ಪಗ ಆತು ನೋಡು," ಎಂದ. ಅತ್ತೆ ನಗಲಿಲ್ಲ. ಒಂದು ಡಯಾಲಿಸಿಸ್‌ನಿಂದ ಇನ್ನೊಂದರವರೆಗೆ ಅವನ ಮೈಯಲ್ಲಿ ನೀರು ಸೇರುತ್ತ ಹೋಗುತ್ತಿತ್ತು. ಶುಕ್ರವಾರದಿಂದ ಸೋಮವಾರದವರೆಗಿನ ಅಂತರವೇ ದೊಡ್ಡದು. ಹೀಗಾಗಿ ಶನಿವಾರ ಅವನು ಸುಸ್ತಾಗಿರುತ್ತಿದ್ದ, ರವಿವಾರ ಭಾರವಾಗಿರುತ್ತಿದ್ದ. ನನಗೆ ರಜೆ ಇರುವುದು ರವಿವಾರ.

ಗಣೇಶ ಚೌತಿಯ ಹೊತ್ತಿಗೆ ಡಾಕ್ಟರು ಅವನ ಹೃದಯದ ಬಲ ಕಡಿಮೆಯಾಗುತ್ತಿದೆ ಎಂದರು. ಹೊರಗೆ ಬಂದ ಮೇಲೆ ಅವನು ನನ್ನೊಬ್ಬಳಿಗೆ ಕೇಳುವಂತೆ, "ಇನ್ನೊಂದ ಸಲ ಹೋಗೂಣವ್ವಾ. ಒಂದ ತಾಂಬೋಶಿ ಹಿಡದು ಗಾಳಾ ಹಾಕೂದ ಬಿಟ್ಟಬಿಡ್ತೀನಿ," ಎಂದ. ತಾಂಬೋಶಿ ಎಂದರೆ ಕೆಂಪು ಮೈಯ, ಬಂಡೆಯ ಸಂದಿಯಲ್ಲಿ ಇರುವ ಮೀನು. ಗಾಳಕ್ಕೆ ಬಿದ್ದರೆ ಕೈ ಸೋಲಿಸುತ್ತದೆ. ಆಮೇಲೆ ಮೂರು ಸಲ ದಿನ ಗೊತ್ತುಮಾಡಿದೆವು. ಎರಡು ಸಲ ಗಾಳಿ ಕೆಟ್ಟಿತು, ಒಂದು ಸಲ ಅವನಿಗೆ ಜ್ವರ ಬಂತು. ಪ್ರತಿ ಸಲವೂ ಅವನು "ಇರಲಿ, ಮುಂದಿನ ಅಮಾಸಿ ಐತಲ್ಲ," ಎನ್ನುತ್ತಿದ್ದ, ಆದರೆ ಆ ಮಾತಿನ ದನಿ ಸಲದಿಂದ ಸಲಕ್ಕೆ ಸಣ್ಣದಾಗುತ್ತಿತ್ತು.

ನಾಲ್ಕನೆಯದು ಎಳ್ಳಮಾವಾಸ್ಯೆ. ಅದು ಶನಿವಾರ ಬಂದಿತ್ತು. ಹಿಂದಿನ ವಾರ ಮೂವರೂ ಅಡುಗೆಮನೆಯಲ್ಲಿ ಕೂತಿದ್ದೆವು.

"ಶನಿವಾರ ಹೋಗೂಣು," ಎಂದೆ. "ರಜಾ ಹಾಕ್ತೀನಿ. ಹಿಂದಿನ ದಿನ ಮಶಿನ್ ಆಗಿರತೈತಿ, ಮೈ ಹಗರ ಇರತೈತಿ."

"ಹಗರ ಇರತೈತಿ, ಹಿಂಡಿದ ಅರಬಿ ಹಂಗ," ಎಂದ ಮಾಮಾ. "ಅವತ್ತ ನನಗ ಗಾಳದ ಕೋಲಲ್ಲ, ಚಮಚಾ ಎತ್ತಾಕ ಆಗಂಗಿಲ್ಲ. ಗಾಳಿ ಏನಂತೈತಿ?"

ಶನಿವಾರ ಬೆಳಗಿನಿಂದಲೇ ಪಡುವಣಗಾಳಿ ಎಂದಿತ್ತು. ರವಿವಾರ ಹತ್ತರವರೆಗೆ ಮೂಡಗಾಳಿ. ಹೇಳಿದೆ.

"ಮತ್ತ? ಮುಗೀತು. ರವಿವಾರ."

ಅತ್ತೆ ರೊಟ್ಟಿ ಬಡಿಯುತ್ತಲೇ ಹೇಳಿದಳು: "ಶನಿವಾರ ಹೆಂಗೂ ಆಗಂಗಿಲ್ಲ. ನನ್ನ ತವರಮನಿಗೆ, ಬೀಡಿ ಊರಿಗೆ ಹೋಗಬೇಕು, ಹೊಲದಾಗ ಚರಗಾ ಚೆಲ್ಲಾಕ. ನಮ್ಮಣ್ಣ ಎರಡ ಸಲ ಫೋನ್ ಮಾಡ್ಯಾನ. ರವಿವಾರ ಬೇಕಂದ್ರ ಸಮುದ್ರಕ್ಕರೆ ಬೀಳ್ರಿ, ಬಾವಿಗರೆ ಬೀಳ್ರಿ."

"ನೀನೂ ಬರ್ತಿಯೇನು?" ಎಂದು ಮಾಮಾ ಕೇಳಿದ.

"ಬಾವಿಗಾದ್ರ ಬರ್ತೀನಿ. ಸಮೀಪ ಐತಿ."

ಆ ದಿನ ನಾವು ಮೂವರೂ ಒಂದೇ ಕ್ಯಾಲೆಂಡರ್ ನೋಡುತ್ತಿದ್ದೆವು. ಅಮಾವಾಸ್ಯೆ ಎಂದರೆ ನನ್ನ ಕಣ್ಣಿಗೆ ಕಂಡದ್ದು ಸಮುದ್ರದ ದೊಡ್ಡ ಏರಿಳಿತ. ಅತ್ತೆಗೆ ಕಂಡದ್ದು ತವರಿನ ಹೊಲ, ಭೂಮಿಗೆ ಎಡೆ ಚೆಲ್ಲಿ ಎಲ್ಲರೂ ಕೂತು ಉಣ್ಣುವ ಬುತ್ತಿ. ಎರಡೂ ಒಂದೇ ದಿನ ಬೀಳುತ್ತವೆ, ನೀರು ದೊಡ್ಡದಾಗುವ ದಿನವೇ ಊಟವೂ ದೊಡ್ಡದಾಗುತ್ತದೆ ಎಂಬುದನ್ನು ಯಾರೂ ಕೂಡಿಸಿ ನೋಡಲಿಲ್ಲ. ಗಾಳಿಯನ್ನು ತಾಸುತಾಸಿಗೆ ಬರೆದಿದ್ದೆ. ಎಳ್ಳಮಾವಾಸ್ಯೆಯ ಹೊಲದಲ್ಲಿ ಅಳಿಯನನ್ನು ಯಾರೂ ಅಳತೆಯ ನೀರಿನ ಮೇಲೆ ಕೂಡಿಸುವುದಿಲ್ಲ ಎಂದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಅಲ್ಲಿ ಆದದ್ದನ್ನು ಅತ್ತೆ ಆಮೇಲೆ ಹೇಳಿದಳು. ಅವಳು ಉಪ್ಪಿಲ್ಲದ ಸಜ್ಜಿ ರೊಟ್ಟಿಯನ್ನು ಬೇರೆ ಡಬ್ಬಿಯಲ್ಲಿ ಒಯ್ದಿದ್ದಳು. ಆದರೆ ಗಿಡದ ನೆರಳಿನಲ್ಲಿ ಎಲ್ಲರೂ ಸಾಲಾಗಿ ಕೂತಾಗ ಅವಳ ಅಣ್ಣ ಪುಂಡಿಪಲ್ಲೆ, ಚಟ್ನಿ, ಕಡಬು ಎಲ್ಲವನ್ನೂ ಬಡಿಸಿದ. "ವರ್ಷಕ್ಕೊಂದ ದಿನಾ ಭೂಮಿತಾಯಿಗೆ ಉಣಸ್ತೀವಿ, ಮನಿ ಅಳಿಯಾಗ ಬ್ಯಾಡ ಅನ್ನೂಣೇನು," ಎಂದನಂತೆ. ಮಾಮಾ ಉಂಡ. ಬಿಸಿಲಿತ್ತು. ಎರಡು ವಾಟಗಾ ಮಜ್ಜಿಗೆ ಕುಡಿದ. ಅತ್ತೆ ಕಣ್ಣು ಬಿಟ್ಟು ನೋಡಿದಾಗ, "ನಾಳೆ ಬಿಸಲಾಗ ಎಲ್ಲಾ ಬೆವತು ಹೋಗತೈತಿ," ಎಂದನಂತೆ. ಎರಡು ವರ್ಷದಲ್ಲಿ ಅವನು ಹಾಗೆ ಕೂತು ಉಂಡದ್ದನ್ನು ಅವಳು ನೋಡಿರಲಿಲ್ಲ. ಹೇಳುವಾಗ ಅವಳಿಗೆ ಸಿಟ್ಟಿತ್ತೋ, ಉಂಡನಲ್ಲ ಎಂಬ ಸಮಾಧಾನವಿತ್ತೋ, ನನಗೆ ತಿಳಿಯಲಿಲ್ಲ.

ರವಿವಾರ ನಸುಕಿನಲ್ಲಿ ನಾನು ವ್ಯಾನ್ ತೆಗೆದುಕೊಂಡು ಖಾನಾಪುರಕ್ಕೆ ಹೋದಾಗ ಮಾಮಾ ಹೊರಗೆ ಕಟ್ಟೆಯ ಮೇಲೆ ಕೋಲು, ಗಾಳದ ಪೆಟ್ಟಿಗೆ ಇಟ್ಟುಕೊಂಡು ಸಿದ್ಧನಾಗಿ ಕೂತಿದ್ದ. ಮಫ್ಲರ್ ಸುತ್ತಿದ್ದರಿಂದ ಮುಖ ಸರಿಯಾಗಿ ಕಾಣಲಿಲ್ಲ. ಲೋಂಡಾ ದಾಟುವವರೆಗೆ ಮಾತಾಡಿದ. ರಾಮನಗರ ದಾಟಿದ ಮೇಲೆ ಸೀಟಿನ ಬೆನ್ನು ನೆಟ್ಟಗೆ ಮಾಡಿಕೊಂಡ. ಜೋಯಿಡಾದ ಹತ್ತಿರ ಬೆಳಕಾಯಿತು. ಆಗ ನೋಡಿದೆ, ಚಪ್ಪಲಿಯ ಪಟ್ಟಿ ಅವನ ಪಾದದಲ್ಲಿ ಹೂತುಹೋಗಿತ್ತು. ಅವನು ಒಂದೊಂದು ಉಸಿರನ್ನೂ ಎಣಿಸಿ ತೆಗೆದುಕೊಳ್ಳುತ್ತಿರುವಂತೆ ಇತ್ತು.

"ಹೊಳ್ಳಿ ಹೋಗೂಣೇನ್ ಮಾಮಾ?"

"ರೋಡ್ ನೋಡಿ ಹೊಡಿ. ದನ ಬರ್ತಾವ."

ಸ್ವಲ್ಪ ದೂರ ಹೋದ ಮೇಲೆ ಮತ್ತೆ ಕೇಳಿದೆ. ಅವನು ಕೈಯಲ್ಲಿ ಗಾಳದ ಪೆಟ್ಟಿಗೆಯ ಮುಚ್ಚಳವನ್ನು ತೆಗೆಯುತ್ತ ಮುಚ್ಚುತ್ತ ಕೂತಿದ್ದ.

ಅಣಶಿ ಘಟ್ಟ ಇಳಿಯುವ ಮೊದಲು ಗಾಡಿ ನಿಲ್ಲಿಸುವುದು ಅವನ ಕಾಲದಿಂದ ಬಂದ ಪದ್ಧತಿ. ಚಾಲಕ ಕೆಳಗಿಳಿದು ಸುತ್ತು ಹಾಕಬೇಕು, ಪ್ರತಿ ಗಾಲಿಗೂ ಕಾಲಿನಿಂದ ಒದ್ದು ನೋಡಬೇಕು, ಮರಳಿ ಕೂತು ಬ್ರೇಕನ್ನು ಒತ್ತಿ ನೋಡಬೇಕು. ಒಂದರಲ್ಲಿ ಸಂಶಯ ಬಂದರೂ ಇಳಿಯಬಾರದು. ಒಮ್ಮೆ ಮದುವೆಗೆ ಹೊರಟವರು ತುಂಬಿದ್ದ ಬಸ್ಸನ್ನು ಅವನು ಹಾಗೆ ನಿಲ್ಲಿಸಿದ್ದನಂತೆ. ಮದುಮಗನ ಸೋದರಮಾವ ಹೊಡೆಯಲು ಬಂದರೂ ಇಳಿಸಲಿಲ್ಲವಂತೆ. ವ್ಯಾನ್ ಓಡಿಸುವುದು ನಾನಾದರೂ ಗಾಲಿ ನೋಡುವ ಕೆಲಸವನ್ನು ಅವನು ನನಗೆ ಎಂದೂ ಬಿಟ್ಟುಕೊಟ್ಟಿರಲಿಲ್ಲ.

ಅವತ್ತೂ ಇಳಿದ. ಮುಂದಿನ ಗಾಲಿಗೆ ಒದ್ದದ್ದು ಕೇಳಿಸಿತು. ಬಹಳ ಹೊತ್ತಿನ ಮೇಲೆ ಹಿಂದಿನದಕ್ಕೆ ಒದ್ದದ್ದು ಕೇಳಿಸಿತು. ಮೂರನೆಯದಕ್ಕೆ ಕಾಯುತ್ತ ಕೂತೆ. ಕೇಳಿಸಲಿಲ್ಲ. ಇಳಿದು ಹೋದರೆ ಅವನು ವ್ಯಾನಿನ ಹಿಂಬಾಗಿಲಿಗೆ ಬಲಗೈ ಊರಿ, ಸೂಜಿ ಚುಚ್ಚುವ ಎಡಗೈಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದ. ಉಸಿರಿನ ಜೊತೆ ನೀರಿನಲ್ಲಿ ಗುಳ್ಳೆ ಏಳುವಂಥ ಸಪ್ಪಳ ಬರುತ್ತಿತ್ತು.

"ನೀರ ಹೊಳ್ಳೇತೇನು?" ಎಂದು ಕೇಳಿದ.

"ಹೊಳ್ಳೇತಿ. ಆರು ಗಂಟೆದಿಂದ ಏರಾಕ ಹತ್ತೈತಿ."

ಅವನು ತಲೆ ಎತ್ತಿ ಗಿಡದ ತುದಿ ನೋಡಿದ. ಎಲೆಗಳು ಪಡುವಣದ ಕಡೆಗೆ ಬಾಗುತ್ತಿದ್ದವು. ಮೂಡಗಾಳಿ.

"ಎಲ್ಲಾ ಬರೋಬ್ಬರಿ ಐತಿ," ಎಂದ. ಸ್ವಲ್ಪ ಹೊತ್ತು ಘಟ್ಟದ ಮೊದಲ ತಿರುವನ್ನೇ ನೋಡಿದ. "ಗಾಡಿ ಬರೋಬ್ಬರಿ ಇಲ್ಲ. ಹೊಳ್ಳಿಸು."

"ವ್ಯಾನ್ ಚಲೋ ಐತಿ ಮಾಮಾ."

"ವ್ಯಾನ್ ಅಲ್ಲ, ಹುಚ್ಚಿ."

ಖಾನಾಪುರ ಮುಟ್ಟುವವರೆಗೆ ನಾನು ಎಲ್ಲೂ ನಿಲ್ಲಿಸಲಿಲ್ಲ. ಅವನು ಮುಂದಕ್ಕೆ ಬಾಗಿ ಡ್ಯಾಶ್‌ಬೋರ್ಡಿನ ಮೇಲೆ ಹಣೆ ಇಟ್ಟುಕೊಂಡಿದ್ದ. ಖಾನಾಪುರದ ಬಸ್ ನಿಲ್ದಾಣದ ಎದುರಿಗೆ ಅತ್ತೆ ನಿಂತಿದ್ದಳು, ಫೋನ್ ಮಾಡಿದ್ದೆ. ಹಿಂದಿನ ಸೀಟಿನಲ್ಲಿ ಗಾಳದ ಕೋಲುಗಳನ್ನು ಸರಿಸಿ ಕೂತಳು. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಹಿಂದಿನಿಂದ ಕೈಚಾಚಿ ಅವನ ಬೆನ್ನು ಸವರುತ್ತ ಹೋದಳು.

ಬೆಳಗಾವಿಯ ಆಸ್ಪತ್ರೆಯಲ್ಲಿ ರವಿವಾರ ಒಂದೇ ಮಶಿನ್ ನಡೆಯುತ್ತಿತ್ತು. ಅದು ಖಾಲಿಯಿತ್ತು, ಅಷ್ಟೇ ನಮ್ಮ ಪುಣ್ಯ. ಮೂಗಿಗೆ ಆಮ್ಲಜನಕ ಹಾಕಿ ಅವನನ್ನು ಅರ್ಧ ಕೂಡಿಸಿದರು, ರಕ್ತ ನಳಿಗೆಯಲ್ಲಿ ತಿರುಗತೊಡಗಿತು. ಒಂದು ತಾಸಿನ ಮೇಲೆ ಉಸಿರಿನ ಸಪ್ಪಳ ಕಡಿಮೆಯಾಯಿತು. ಅತ್ತೆ ಔಷಧ ತರಲು ಹೋಗಿದ್ದಳು. ನಾನು ಸ್ಟೂಲಿನ ಮೇಲೆ ಕೂತಿದ್ದೆ.

"ಎಷ್ಟಾತು?" ಎಂದ.

"ಪಾವಕಮ್ಮಿ ಹನ್ನೆರಡು." ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಮುಕ್ಕಾಲಾಗಿತ್ತು.

"ಅಂದ್ರ ತುಂಬೈತಿ."

"ತುಂಬೈತಿ."

"ಗಾಳಿ ಹತ್ತಕ್ಕ ತಿರಗೇತೇನು?"

ಹೇಳುವುದೋ ಬೇಡವೋ ಎಂದು ಫೋನ್ ಹಿಡಿದುಕೊಂಡು ಕೂತೆ. ಅವನು ಕಾಯುತ್ತಿದ್ದ. "ಹತ್ತೂವರಿ ತನಕ ಮೂಡಲ ಇತ್ತಂತ," ಎಂದೆ.

"ಅರ್ಧ ತಾಸು ಹೆಚ್ಚಿಗಿ ಸಿಗತಿತ್ತು," ಎಂದು ಹೇಳಿ ಅವನು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ. ಮಶಿನ್ ನಿಲ್ಲುವವರೆಗೆ ಈ ಕಡೆ ತಿರುಗಲಿಲ್ಲ.

ಅದಾದ ಮೇಲೆ ಅವನು ಮುಂದಿನ ಅಮಾವಾಸ್ಯೆಯ ಮಾತು ತೆಗೆಯಲಿಲ್ಲ. ಕೋಲು, ಪೆಟ್ಟಿಗೆ ವ್ಯಾನಿನಲ್ಲೇ ಅನಗೋಳಕ್ಕೆ ಬಂದಿದ್ದವು. ಒಯ್ಯಬೇಕೇ ಎಂದು ಕೇಳಿದಾಗ, "ಅಲ್ಲೇ ಇರಲಿ, ಇಲ್ಲಿ ಜಾಗಾ ಇಲ್ಲ," ಎಂದ. ಹೊಸ ವರ್ಷದ ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಮಾತ್ರ ಇದೆ. ಅತ್ತೆ ಇಡೀ ವರ್ಷದ್ದನ್ನು ಒಂದೇ ದಿನ ಕೂತು ಹಾಕಿದ್ದಾಳೆ. ನೀಲಿ ಪೆನ್ನು ಹಿಡಿಯಲು ನನಗೆ ಮನಸ್ಸಾಗಲಿಲ್ಲ. ಒಬ್ಬಳೇ ಸಮುದ್ರಕ್ಕೆ ಹೋಗಬಹುದು, ವ್ಯಾನ್ ಇದೆ, ದಾರಿ ಗೊತ್ತು. ದಿನಚರಿಯಲ್ಲಿ ಮೂವತ್ತೊಂದರ ಕೆಳಗೆ ಬರೆಯಲು ಇನ್ನೂ ಏನೂ ಇಲ್ಲ.

ಹೋದ ತಿಂಗಳು ಅಮಾವಾಸ್ಯೆಯ ಮರುದಿನ ಖಾನಾಪುರಕ್ಕೆ ಹೋಗಿದ್ದೆ. ರವಿವಾರವೇ ಆಗಿತ್ತು. ಮಾಮಾ ಕಿಟಕಿಯ ಬಾಜು ದಿಂಬಿಗೆ ಒರಗಿ ಕೂತಿದ್ದ, ಕಾಲು ಸ್ವಲ್ಪ ಊದಿತ್ತು. ಅತ್ತೆ ಅಳತೆಯ ವಾಟಗಾದಲ್ಲಿ ಅರ್ಧ ಚಹಾ ತಂದು ಕೊಟ್ಟಳು. ಅವನು ಅದನ್ನು ಬಹಳ ನಿಧಾನವಾಗಿ ಕುಡಿದ. ಹೊತ್ತು ಹೋಗದೆ ನಾನು ಫೋನ್ ತೆಗೆದು ನೋಡಿ, "ಇವತ್ತ ನೀರು," ಎಂದು ಶುರುಮಾಡಿದೆ.

"ಪಾವಕಮ್ಮಿ ಹನ್ನೆರಡಕ್ಕ," ಎಂದ ಮಾಮಾ, ಕಿಟಕಿಯ ಹೊರಗೆ ನೋಡುತ್ತಲೇ. "ಗೊತ್ತೈತಿ."