ಮೊದಲ ಶಿಳ್ಳೆಯಿಂದ ಹೇಳು

ಗೋಲು ಎನ್ನಲು ಬಾಯಿ ತೆರೆದೆ. ಬರೀ ಗಾಳಿ ಬಂತು.

ಹಟ್ಟಿಕೇರಿಯಲ್ಲಿ ನನ್ನ ಗೆಳೆಯ ದಾಮೋದರನ ಮನೆಯ ಹೊಸ್ತಿನ ಊಟ ಮುಗಿದಿತ್ತು. ಹೊಸ ಅಕ್ಕಿಯ ಪಾಯಸ ಉಂಡು ಹತ್ತು ಹನ್ನೆರಡು ಮಂದಿ ಜಗಲಿಯಲ್ಲಿ ಕೂತಿದ್ದರು. ನಾನು ಎಂದಿನಂತೆ ಹಳೆಯ ಫುಟ್‌ಬಾಲ್ ಆಟವೊಂದನ್ನು ಹೇಳುತ್ತಿದ್ದೆ. ಮಡಗಾಂವಿನ ಮೈದಾನ. ಕೆಸರು. ಆಟ ಮುಗಿಯಲು ಎರಡೇ ನಿಮಿಷ. ನಮ್ಮ ಕ್ಲಬ್ಬಿನ ಕುಳ್ಳ ವಿಂಗರ್ ಎಡಗಡೆಯಿಂದ ಒಳಗೆ ನುಗ್ಗಿದ್ದಾನೆ. ಈ ಕಥೆಯನ್ನು ನೂರು ಸಲ ಹೇಳಿರಬಹುದು. ಎಲ್ಲಿ ತಡೆಯಬೇಕು, ಎಲ್ಲಿ ಕೂಗಬೇಕು ಎಲ್ಲ ಗೊತ್ತು. ಕೂಗುವ ಜಾಗ ಬಂತು. ಕೂಗು ಬರಲಿಲ್ಲ.

ಎಲ್ಲರೂ ನಕ್ಕರು. ಇದೂ ನನ್ನದೊಂದು ನಾಟಕ ಎಂದುಕೊಂಡರು.

"ಪಾಯಸ ಗಂಟಲಿಗೆ ಹಿಡೀತಾ ಮಾರಾಯಾ?" ಎಂದ ದಾಮು. "ಬಾಲು ಎಲ್ಲಿಗೆ ಹೋಯ್ತು, ಅದಾದ್ರೂ ಕೈಮಾಡಿ ತೋರ್ಸು."

ತೋರಿಸಿದೆ. ಮತ್ತೆ ನಗು. ನನ್ನ ಹೆಂಡತಿ ಸುಲಭಾ ಮಾತ್ರ ನಗಲಿಲ್ಲ. "ಹದಿನೈದು ದಿನ ಆಯ್ತು ಇವ್ರ ಸ್ವರ ಹೀಗೇ ಅದೆ. ಹೇಳಿದ್ರೆ ಕೇಳೂದಿಲ್ಲ," ಎಂದಳು.

ಕೇಳಲಿಲ್ಲ, ನಿಜ. ಕಾಳುಮೆಣಸಿನ ಕಷಾಯ ಕುಡಿದೆ. ಜೇನು ನೆಕ್ಕಿದೆ. ಉಪ್ಪುನೀರು ಮುಕ್ಕಳಿಸಿದೆ. ಹೀಗೆ ಒಂದು ತಿಂಗಳು ಕಳೆಯಿತು. ಕೊನೆಗೆ ಕಾರವಾರದ ಇಎನ್‌ಟಿ ಡಾಕ್ಟರ ಬಳಿಗೆ ಹೋದೆವು. ಅವರು ಮೂಗಿನಿಂದ ಸಣ್ಣ ಕ್ಯಾಮರಾ ಇಳಿಸಿ ಬಹಳ ಹೊತ್ತು ನೋಡಿದರು. ನೋಡುವಾಗ ಏನೋ ಹೇಳುತ್ತಿದ್ದವರು ನಡುವೆ ಸುಮ್ಮನಾದರು. ನನಗೆ ಭಯ ಶುರುವಾದದ್ದು ಆ ಮೌನದಲ್ಲಿ.

"ವೋಕಲ್ ಕಾರ್ಡಿನ ಮೇಲೊಂದು ಗಂಟು ಕಾಣ್ತದೆ. ಬಯಾಪ್ಸಿ ಆಗ್ಬೇಕು. ಗೋವಾದ ದೊಡ್ಡ ಆಸ್ಪತ್ರೆಗೆ ಬರೆದು ಕೊಡ್ತೇನೆ."

"ಕೂಗಿ ಕೂಗಿ ಹೀಗಾಯ್ತಾ ಡಾಕ್ಟ್ರೇ?" ಪಿಸುಗುಟ್ಟಿದೆ.

"ಬೀಡಿ ಸೇದ್ತಿದ್ರಾ?"

"ಬಿಟ್ಟು ಬಹಳ ವರ್ಷ ಆಯ್ತು."

ಅವರು ಅದನ್ನೇ ಬರೆದುಕೊಂಡರು. ಚೀಟಿ ಕೊಡುವಾಗ ಇನ್ನೊಂದು ಮಾತು ಹೇಳಿದರು.

"ತಡ ಮಾಡ್ಬೇಡಿ."

ನನ್ನ ಸ್ವರದ ವಿಷಯ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ, ಅರುವತ್ತು ದಾಟಿದ ಗಂಡಸು ಗಂಟಲ ಗಂಟಿಗೆ ಇಷ್ಟೇಕೆ ಹೆದರಿದ ಎಂದು ನಿಮಗೆ ಅನಿಸಬಹುದು. ನಾನು ಮೂವತ್ತು ವರ್ಷ ಬಸ್ ನಿಲ್ದಾಣಗಳಲ್ಲಿ ಕಂಟ್ರೋಲರ್ ಆಗಿದ್ದವನು. ಹೆಚ್ಚು ಕಾಲ ಅಂಕೋಲೆಯಲ್ಲಿ. ಮೈಕು ಕೆಟ್ಟ ದಿನವೂ ಯಾರಿಗೂ ಬಸ್ಸು ತಪ್ಪಿದ್ದಿಲ್ಲ. ಮನೆಯಲ್ಲಿ ಕೊಂಕಣಿ, ಕೆಲಸದಲ್ಲಿ ಕನ್ನಡ. ಎರಡರಲ್ಲೂ ನನ್ನದು ದೊಡ್ಡ ಬಾಯಿ. ಆದರೆ ಆ ಬಾಯಿ ಪಳಗಿದ್ದು ಬಸ್ ನಿಲ್ದಾಣದಲ್ಲಲ್ಲ. ಕಾಳಿ ನದಿಯ ದಡದಲ್ಲಿ.

ಆಗ ಕಾಳಿಗೆ ಸೇತುವೆ ಇರಲಿಲ್ಲ. ನಾವು ಕೋಡಿಬಾಗದ ಹುಡುಗರು. ಈ ದಡದಿಂದ ಲಾಂಚು ಹತ್ತಿ ಆಚೆಯ ಸದಾಶಿವಗಡದಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲಿ ಗೋವಾಕ್ಕೆ ಹೋಗಬೇಕಿತ್ತು. ಮಡಗಾಂವಿನ ಒಂದು ಕ್ಲಬ್ಬು ನಮ್ಮದಾಗಿತ್ತು. ಹೇಗೆ ನಮ್ಮದಾಯಿತೋ, ಕಾರಣ ಯಾರಿಗೂ ಗೊತ್ತಿಲ್ಲ. ಹೆಸರು ಬರೆಯುವುದಿಲ್ಲ, ಬರೆದರೆ ಎದುರಿನ ಕ್ಲಬ್ಬಿನವರು ನನ್ನ ಕಾಯಿಲೆಗೂ ಕನಿಕರಪಡಲಿಕ್ಕಿಲ್ಲ. ನಾವು ಹನ್ನೊಂದು ಮಂದಿ, ಸರಿಯಾಗಿ ಒಂದು ಟೀಮು. ಎಲ್ಲರಿಗೂ ಒಟ್ಟಿಗೆ ಹೋಗಲು ಆಗುತ್ತಿರಲಿಲ್ಲ. ಒಬ್ಬನಿಗೆ ಬಲೆ, ಒಬ್ಬನಿಗೆ ಗದ್ದೆ, ಒಬ್ಬನಿಗೆ ಅಪ್ಪನ ಅಂಗಡಿ. ಪಾಳಿಯ ಮೇಲೆ ಇಬ್ಬಿಬ್ಬರು ಹೋಗುತ್ತಿದ್ದೆವು. ಭಾನುವಾರ ಆಟ ಮುಗಿದ ಮೇಲೆ ಹೊರಟರೆ ಕೊನೆಯ ಲಾಂಚು ಸಿಗದು. ಮಡಗಾಂವಿನಲ್ಲೇ ಎಲ್ಲೋ ಒರಗಿ, ಸೋಮವಾರ ಬೆಳಗಿನ ಬಸ್ಸಿಗೆ ಬಂದು ನದಿ ದಾಟುತ್ತಿದ್ದೆವು. ಉಳಿದ ಒಂಬತ್ತು ಮಂದಿ ಈಚೆ ದಡದಲ್ಲಿ ಕಾಯುತ್ತ ನಿಂತಿರುತ್ತಿದ್ದರು.

ಒಮ್ಮೆ ನನ್ನ ಜೊತೆ ಹೋದವನು ಲಾಂಚಿನಿಂದಲೇ ಕೈ ಆಡಿಸಿ, "ಮೂರು-ಒಂದು! ಸೋತ್ರು!" ಎಂದು ಕೂಗಿಬಿಟ್ಟ. ನಾವು ಇಳಿಯುವಷ್ಟರಲ್ಲಿ ದಡ ಖಾಲಿ. ಆ ಒಂದು ಗೋಲು ಎಂಥದ್ದಾಗಿತ್ತು ಎಂದು ಕೇಳಲು ಒಬ್ಬನೂ ನಿಂತಿರಲಿಲ್ಲ. ಇಡೀ ಆಟ ನನ್ನ ಬಾಯಲ್ಲೇ ಉಳಿಯಿತು. ಅವತ್ತು ಸಂಜೆಯೇ ನಾನೊಂದು ಕಾನೂನು ಮಾಡಿದೆ. ಹೋದವನು ಮೊದಲ ಶಿಳ್ಳೆಯಿಂದ ಹೇಳಬೇಕು. ಗೆದ್ದರೋ ಸೋತರೋ ಎಂದು ಯಾರೂ ಮೊದಲೇ ಕೇಳಕೂಡದು, ಅವನೂ ಹೇಳಕೂಡದು. ಮುಖದಲ್ಲೂ ತೋರಿಸಕೂಡದು. ಭಾನುವಾರ ಸಂಜೆ ಯಾರ ಮನೆಯಲ್ಲೂ ರೇಡಿಯೋ ಹಾಕುವಂತಿಲ್ಲ. ಈ ಕಾನೂನನ್ನು ವರ್ಷಗಟ್ಟಲೆ ಪಾಲಿಸಿದೆವು. ಹೇಳುವುದರಲ್ಲಿ ನಾನು ಮೊದಲಿಗ. ದಾಮು ಕಟ್ಟಕಡೆಯವನು. ಅವನು ಆಟ ಶುರು ಮಾಡುವುದು ಬಸ್ಸಿನ ಕಿಟಕಿಯಿಂದ. ಯಾವ ಹೋಟೆಲಿನ ಚಹಾ ತೆಳ್ಳಗಿತ್ತು ಎಂದೆಲ್ಲ ಹೇಳಿ ಮುಗಿಸಿ ಮೈದಾನ ಮುಟ್ಟುವಾಗ ನಮಗೆ ಕೆಲಸಕ್ಕೆ ಹೊತ್ತಾಗಿರುತ್ತಿತ್ತು.

ಸೇತುವೆ ಬಂತು. ಹಳತಾಯಿತು. ಪಕ್ಕದಲ್ಲಿ ಹೊಸದು ಬಂದ ಮೇಲೆ ಒಂದು ದಿನ ಬಿದ್ದೂ ಹೋಯಿತು. ನಮ್ಮ ಕ್ಲಬ್ಬು ದೊಡ್ಡ ಆಟ ಆಡುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಹನ್ನೊಂದರಲ್ಲಿ ಉಳಿದವರು ನಾಲ್ಕು ಮಂದಿ.

ಬಯಾಪ್ಸಿಗೆಂದು ಅದೇ ದಾರಿಯಲ್ಲಿ ಹೋದೆ. ಮಾಜಾಳಿ, ಕಾಣಕೋಣ, ಮಡಗಾಂವ. ಆ ದಾರಿಯಲ್ಲಿ ನಾನು ಬಾಯಿ ಮುಚ್ಚಿ ಕೂತದ್ದು ಅದೇ ಮೊದಲು. ಆಸ್ಪತ್ರೆಯಲ್ಲಿ ಚೂರು ತೆಗೆದು, ಹತ್ತು ದಿನ ಮಾತಾಡಬೇಡಿ, ಪಿಸುಮಾತೂ ಬೇಡ ಎಂದರು. ಸುಲಭಾ ಒಂದು ಸ್ಲೇಟು ತಂದುಕೊಟ್ಟಳು. ಶಿರವಾಡದ ನಮ್ಮ ಮನೆ ಎಷ್ಟು ಸದ್ದಿಲ್ಲದ ಮನೆ ಎಂದು ನನಗೆ ಆಗ ಗೊತ್ತಾಯಿತು. ಕುಕ್ಕರು ಕೂಗುತ್ತಿತ್ತು. ಹತ್ತಿರದ ಸ್ಟೇಷನ್ನಿನಲ್ಲಿ ರೈಲು ಕೂಗುತ್ತಿತ್ತು. ನಾನೊಬ್ಬ ಕೂಗುತ್ತಿರಲಿಲ್ಲ. ಗಂಟು ಎಂಬುದು ಗಂಟಲಲ್ಲಿತ್ತೋ ಹೊಟ್ಟೆಯಲ್ಲಿತ್ತೋ, ಅನ್ನ ಇಳಿಯಲಿಲ್ಲ. ಸಾಯುವ ಭಯ ಒಂದು. ಬದುಕಿಯೂ ಗಂಟಲು ತೆಗೆದುಬಿಟ್ಟರೆ ಎಂಬ ಭಯ ಇನ್ನೊಂದು. ನಿಜ ಹೇಳುತ್ತೇನೆ, ಎರಡನೆಯದೇ ದೊಡ್ಡದಾಗಿತ್ತು. ಗಂಟಲಿಗೆ ತೂತು ಮಾಡಿಸಿಕೊಂಡ ಒಬ್ಬರನ್ನು ಆಸ್ಪತ್ರೆಯಲ್ಲಿ ನೋಡಿದ್ದೆ. ಅವರು ನನ್ನನ್ನು ನೋಡಿ ಒಳ್ಳೆಯ ಮನಸ್ಸಿನಿಂದಲೇ ನಕ್ಕರು. ನಾನು ಮುಖ ತಿರುಗಿಸಿದೆ. ಆ ನಾಚಿಕೆ ಈಗಲೂ ಇದೆ.

ರಿಪೋರ್ಟಿನ ದಿನ ನಾನು ಹೋಗಲಿಲ್ಲ. ಜ್ವರ ಎಂದು ಸ್ಲೇಟಿನಲ್ಲಿ ಬರೆದೆ. ಜ್ವರ ಇರಲಿಲ್ಲ. ನಮ್ಮವರು ಯಾರಾದರೂ ಕಾರ್ಡು ತಂದರೆ ಸಾಕು, ಡಾಕ್ಟರು ಮಾತಾಡುತ್ತಾರೆ ಎಂದು ಆಸ್ಪತ್ರೆಯಲ್ಲಿ ಮೊದಲೇ ಹೇಳಿದ್ದರು. ದಾಮು ತಾನು ಹೋಗುತ್ತೇನೆಂದ. ನಾನು ಸ್ಲೇಟಿನ ಮೇಲೆ ಬರೆದುಕೊಟ್ಟೆ: ಫೋನಿನಲ್ಲಿ ಹೇಳಬೇಡ. ಬಂದು ಹೇಳು.

ಧೈರ್ಯಕ್ಕೆ ಬರೆದದ್ದಲ್ಲ. ಇನ್ನೂ ನಾಲ್ಕು ಗಂಟೆ ಗೊತ್ತಿಲ್ಲದೆ ಇರೋಣ ಎಂದು. ಆದರೆ ದಾಮು ಆ ಅಕ್ಷರ ನೋಡಿ ತಲೆಯಾಡಿಸಿದ ರೀತಿ ನನಗೆ ನೆನಪಿದೆ. ಹಳೆಯ ಕಾನೂನನ್ನು ಒಪ್ಪಿಕೊಂಡವನ ಹಾಗೆ.

ಮಧ್ಯಾಹ್ನ ಸುಲಭಾ ತಡೆಯಲಾರದೆ ಅವನಿಗೆ ಫೋನ್ ಹಚ್ಚಿದಳು. ಸ್ವಿಚ್ ಆಫ್. ಮತ್ತೆ ಹಚ್ಚಿದಳು. ಸ್ವಿಚ್ ಆಫ್. "ಒಳ್ಳೇದಿದ್ರೆ ಬಂದ್ ಮಾಡ್ತಿದ್ರಾ?" ಎಂದು ಕೇಳಿ, ಕೇಳಿದ್ದಕ್ಕೆ ತಾನೇ ಬಾಯಿ ಮುಚ್ಚಿಕೊಂಡಳು.

ಸಂಜೆ ಮಡಗಾಂವಿನ ರೈಲು ಬಂದ ಸದ್ದಾಯಿತು. ಸ್ಟೇಷನ್ನಿನಿಂದ ನಮ್ಮ ಮನೆಗೆ ಹತ್ತು ನಿಮಿಷದ ನಡಿಗೆ. ದಾಮು ಇಪ್ಪತ್ತೈದು ನಿಮಿಷಕ್ಕೆ ಬಂದ. ಗೇಟು ತೆಗೆದ. ಚಪ್ಪಲಿ ಬಿಟ್ಟ. ಮುಖದಲ್ಲಿ ಏನೂ ಇರಲಿಲ್ಲ. ನಾನೇ ಕಲಿಸಿದ ಮುಖ. ಕುರ್ಚಿಯಲ್ಲಿ ಕೂತು ನೀರು ಕುಡಿದು ಶುರು ಮಾಡಿದ.

"ಬೆಳಿಗ್ಗೆ ಐದಕ್ಕೇ ಎದ್ದೆ. ಹಟ್ಟಿಕೇರಿಲಿ ಟೆಂಪೋ ಸಿಕ್ತು. ರೈಲು ಇಪ್ಪತ್ತು ನಿಮಿಷ ಲೇಟು..."

ನಾನು ಸ್ಲೇಟು ಎತ್ತಿದೆ. ಏನಂತೆ?

"ತಡಿ. ಅಲ್ಲಿಗೇ ಬತ್ತಿದ್ದೆ. ಮಡಗಾಂವ್ದಲ್ಲಿ ಇಳಿದು ಒಂದು ಚಹಾ ಕುಡ್ದೆ. ಏನ್ ಚಹಾ ಮಾರಾಯಾ, ಬಣ್ಣ ಒಂದು..."

ಒಂಬತ್ತು ಮಂದಿಯನ್ನು ವರ್ಷಗಟ್ಟಲೆ ನದಿಯ ದಡದಲ್ಲಿ ನಿಲ್ಲಿಸಿ ನಾನು ಮಾಡಿದ್ದು ಏನು ಎಂದು ಆ ಕುರ್ಚಿಯಲ್ಲಿ ತಿಳಿಯಿತು. ದಾಮು ಹೇಳುತ್ತಲೇ ಇದ್ದ. ಅವನು ಆಸ್ಪತ್ರೆಯ ಮೆಟ್ಟಿಲು ಹತ್ತಿದ. ಟೋಕನ್ ತೆಗೆದುಕೊಂಡ. ಸಾಲಿನಲ್ಲಿ ಮುಂದೆ ಇದ್ದವಳು ಸಾವಂತವಾಡಿಯವಳಂತೆ. ನನಗೆ ಕೂಗಬೇಕಿತ್ತು. ಕೂಗಲು ಸ್ವರ ಇರಲಿಲ್ಲ.

ಕೂಗಿದವಳು ಸುಲಭಾ. ನಲವತ್ತು ವರ್ಷದಲ್ಲಿ ಒಂದು ದಿನವೂ ನಮ್ಮ ಕ್ಲಬ್ಬಿನ ಸುದ್ದಿ ಕೇಳದವಳು.

"ದಾಮಣ್ಣಾ! ಗೆದ್ರಾ ಸೋತ್ರಾ, ಅದ್ ಹೇಳಿ ಮೊದ್ಲು!"

ದಾಮುವಿನ ಮುಖ ಬಿಚ್ಚಿಕೊಂಡಿತು.

"ಅದೇ ಹೌದಂತೆ ಅತ್ತಿಗೆ. ಕ್ಯಾನ್ಸರೇ."



ನಾನು ಏಳಲು ಹೊರಟೆ. ಎಲ್ಲಿಗೆ ಎಂದು ಗೊತ್ತಿಲ್ಲ. ಒಳಗೆ, ಹಿತ್ತಲಿಗೆ, ಎಲ್ಲಿಗಾದರೂ. ದಾಮು ನನ್ನ ರಟ್ಟೆ ಹಿಡಿದು ಕೂರಿಸಿದ. "ನೋಡು, ಎದ್ದೆ! ಇದಕ್ಕೇ ನಾ ಹೇಳ್ದೆ ಇದ್ದದ್ದು. ದಡದಲ್ಲಿ ಅವತ್ತು ಎಲ್ಲ ಎದ್ದು ಹೋದ್ರಲ್ಲ, ಹಂಗೇ ಹೋಗ್ತೆ ನೀ ಅಂತ ನಂಗೆ ಗೊತ್ತಿತ್ತು. ಪೂರಾ ಕೇಳು. ಸಣ್ಣದಂತೆ. ಸ್ಟೇಜ್ ಒನ್. ಒಂದೇ ಕಡೆ ಅದೆ, ಎಲ್ಲೂ ಹರಡಲಿಲ್ಲ. ಕೊಯ್ಯೂದು ಬೇಡ, ರೇಡಿಯೇಷನ್ ಸಾಕಂದ್ರು. ಸ್ವರ ಉಳೀತದಾ ಕೇಳ್ದೆ. ಹೆಚ್ಚಿನವರಿಗೆ ಉಳೀತದೆ, ಮೊದಲಿನಂಗೆ ಅಲ್ಲ ಅಂದ್ರು. ಮೂರ್ ಸಲ ಕೇಳ್ದೆ. ಡಾಕ್ಟ್ರು ಬೈದ್ರು."

ಸುಲಭಾ ಅವನಿಗೆ ಇನ್ನೊಂದು ಲೋಟ ನೀರು ತಂದುಕೊಟ್ಟಳು. ಅವನು ಕುಡಿಯುವಾಗ ಅರ್ಧ ಅಂಗಿಯ ಮೇಲೆ ಚೆಲ್ಲಿತು.

ಅವನ ಇಪ್ಪತ್ತೈದು ನಿಮಿಷದ ಲೆಕ್ಕ ಆಮೇಲೆ ಸಿಕ್ಕಿತು. ಸ್ಟೇಷನ್ನಿನ ಹೊರಗೆ ಕಲ್ಲಿನ ಮೇಲೆ ಕೂತು, ಹೇಗೆ ಹೇಳುವುದೆಂದು ಮೊದಲಿನಿಂದ ಕೊನೆಯವರೆಗೆ ಅಭ್ಯಾಸ ಮಾಡಿದ್ದನಂತೆ. ಹೇಳಲು ಬಾರದವನು.

ರೇಡಿಯೇಷನ್ ಆರೂವರೆ ವಾರ. ಮಡಗಾಂವಿನಲ್ಲಿ ಸುಲಭಾಳ ಚಿಕ್ಕಮ್ಮನ ಮನೆಯಲ್ಲಿ ಉಳಿದೆವು. ಮುಖದ ಅಚ್ಚು ತೆಗೆದು ಬಲೆಯಂಥ ಒಂದು ಮಾಸ್ಕ್ ಮಾಡಿದರು. ದಿನವೂ ಅದನ್ನು ತೊಡಿಸಿ ತಲೆಯನ್ನು ಮೇಜಿಗೆ ಬಿಗಿಯುತ್ತಾರೆ. ಕಣ್ಣು ಬಿಟ್ಟರೂ ಬಲೆ, ಮುಚ್ಚಿದರೂ ಬಲೆ. ಎಲ್ಲರೂ ಹೊರಗೆ ಹೋಗುತ್ತಾರೆ. ದಪ್ಪ ಬಾಗಿಲು ಮುಚ್ಚುತ್ತದೆ. ಮೊದಲ ದಿನ ಉಸಿರು ಕಟ್ಟಿ ಕೈ ಎತ್ತಿದೆ. ಬಿಚ್ಚಿ, ಸಮಾಧಾನ ಮಾಡಿ, ಮತ್ತೆ ಬಿಗಿದರು. ಎರಡನೆಯ ದಿನದಿಂದ ಮನಸ್ಸಿನಲ್ಲೇ ಆಟ ಹೇಳಿಕೊಳ್ಳತೊಡಗಿದೆ. ಆ ಕೆಸರಿನ ದಿನದ್ದೇ. ಮೊದಲ ಶಿಳ್ಳೆ. ನಮ್ಮವರು ಸಮುದ್ರದ ಕಡೆಯಿಂದ ಆಡುತ್ತಿದ್ದಾರೆ. ಅರ್ಧ ಆಟ ಮುಗಿಯುವ ಮೊದಲೇ ಬಾಗಿಲು ತೆರೆಯುತ್ತಿತ್ತು. ಅಷ್ಟೂ ವಾರಗಳಲ್ಲಿ ಕುಳ್ಳ ವಿಂಗರ್ ಒಮ್ಮೆಯೂ ಗೋಲು ಹೊಡೆಯಲಿಲ್ಲ.

ನಾಲ್ಕನೆಯ ವಾರದಿಂದ ಉಗುಳು ನುಂಗಿದರೂ ಕೆಂಡ. ಕತ್ತಿನ ಚರ್ಮ ಕಪ್ಪಾಯಿತು. ತೆಳು ಗಂಜಿಯೂ ಮುಳ್ಳು. ಒಂದು ಸಂಜೆ ಸುಲಭಾ ನನ್ನನ್ನು ಮೈದಾನದ ತನಕ ನಡೆಸಿಕೊಂಡು ಹೋದಳು. ಗೇಟಿಗೆ ಬೀಗ. ಕಂಬಿಯ ಸಂದಿಯಿಂದ ಹುಲ್ಲು ಕಂಡಿತು. "ಇಷ್ಟೇ ಸಣ್ಣದಾ?" ಎಂದಳು ಅವಳು. ನನ್ನ ಬಾಯಲ್ಲಿ ಕೇಳಿ ಅವಳ ಮನಸ್ಸಿನಲ್ಲಿ ಅದು ಎಷ್ಟು ದೊಡ್ಡದಾಗಿತ್ತೋ. ಅವಳು ಎಂದೂ ಕಿವಿಗೊಡುವುದಿಲ್ಲ ಎಂದುಕೊಂಡಿದ್ದೆ. ಒಳಗೆ ಒಲೆಯ ಮುಂದೆ ಕೂತು ಎಲ್ಲ ಕೇಳಿದ್ದಳು.

ಚಿಕಿತ್ಸೆ ಮುಗಿದು ಮೂರು ತಿಂಗಳಿಗೆ ಮೊದಲ ಪರೀಕ್ಷೆ. ಮತ್ತೆ ಮೂಗಿನಿಂದ ಕ್ಯಾಮರಾ. ಸುಲಭಾ ಹೊರಗೆ ಬೆಂಚಿನ ಮೇಲೆ. ಡಾಕ್ಟರು ಬಹಳ ಹೊತ್ತು ನೋಡಿದರು. ಈ ಸಲವೂ ನಡುವೆ ಸುಮ್ಮನಾದರು. ನಾನು ಕುರ್ಚಿಯ ಕೈ ಹಿಡಿದುಕೊಂಡೆ.

"ಈಗ ಏನೂ ಕಾಣ್ತಿಲ್ಲ," ಎಂದರು. "ಈಗ ಅಂತ ಹೇಳ್ತಿದ್ದೇನೆ. ಎರಡು ತಿಂಗಳಿಗೊಮ್ಮೆ ಬರ್ಲೇಬೇಕು."

ಈಗ ನನ್ನ ಸ್ವರ ಒಡಕು. ಹತ್ತು ನಿಮಿಷ ಆಡಿದರೆ ಮುಗಿಯುತ್ತದೆ. ಅದಕ್ಕೇ ಇದನ್ನು ಬಾಯಲ್ಲಿ ಹೇಳದೆ ಬರೆದೆ. ಪ್ರತಿ ಪರೀಕ್ಷೆಗೆ ಒಂದು ವಾರ ಮೊದಲೇ ಅನ್ನ ಸೇರುವುದಿಲ್ಲ. ಆ ಭಯ ಹೋಗುತ್ತದೆ ಎಂದು ನನಗೆ ಯಾರೂ ಹೇಳಿಲ್ಲ, ನಾನೂ ನಿಮಗೆ ಹೇಳುವುದಿಲ್ಲ. ಆದರೆ ಆ ಮೊದಲ ಪರೀಕ್ಷೆಯ ದಿನದ ಒಂದು ಮಾತು ಉಳಿದಿದೆ.

ನಾನು ಹೊರಗೆ ಬಂದಾಗ ಸುಲಭಾ ನನ್ನ ಮುಖ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ. ಬೆಂಚಿನ ಮೇಲೆ ಸರಿದು ಜಾಗ ಮಾಡಿದಳು.

"ಹೋಯ್," ಎಂದಳು, "ಮೊದ್ಲಿಂದ ಹೇಳಿ."

"ನನ್ನ ನಂಬರು ಕೂಗಿದ್ರು," ಎಂದು ಶುರು ಮಾಡಿದೆ. ಸ್ವರ ಅಲ್ಲೇ ಒಡೆಯಿತು. ಅವಳು ಕಿವಿ ಹತ್ತಿರ ತಂದಳು.