ಪಾಲಿಗೆ ಕೊಟ್ಟ ಸಸಿಗಳು

ಇಂಡಿ, ಸಿಂದಗಿ, ಮುದ್ದೇಬಿಹಾಳ ಎಂದು ವರ್ಗವಾಗುತ್ತ ಕಾಲೇಜುಗಳಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿದವಳು ನಾನು. ಎಲ್ಲಿಗೆ ಹೋದರೂ ಜೂನ್ ತಿಂಗಳಲ್ಲಿ ಸಸಿ ನೆಡುವ ಕಾರ್ಯಕ್ರಮ ತಪ್ಪುತ್ತಿರಲಿಲ್ಲ. ಗುಂಡಿ ಮಾತ್ರ ಹೋದ ವರ್ಷದ್ದೇ. ಫೋಟೋ ತೆಗೆಸಿಕೊಂಡವರು ಹೊರಟ ಮೇಲೆ ಆ ಸಸಿಗೆ ನೀರು ಹಾಕಲು ದಿಕ್ಕಿರುತ್ತಿರಲಿಲ್ಲ. ಬಸವನ ಬಾಗೇವಾಡಿಗೆ ಬಂದ ಮೇಲೆ ನಾನು ಹಟ ಹಿಡಿದೆ, ಈ ಸಲ ಕಾಲೇಜಿನ ಅಂಗಳ ಬೇಡ, ಒಂದು ಊರಿನವರ ಜೊತೆ ಸೇರಿ ನೆಡೋಣ ಎಂದು.

ಹೂವಿನ ಹಿಪ್ಪರಗಿಯ ಆಚೆ ಒಂದು ಸಣ್ಣ ಊರು. ಅದರ ಗಾಯರಾಣದಲ್ಲಿ, ಅಂದರೆ ಊರ ದನಕರು ಮೇಯುವ ಬಯಲಿನಲ್ಲಿ, ನೆಡಲು ಹಿರಿಯರು ಒಪ್ಪಿದರು. ಸುತ್ತ ತಂತಿ ಬೇಲಿ ಹಾಕಬೇಕು, ಗಿಡ ಎತ್ತರಕ್ಕೆ ಬರುವವರೆಗೆ ಯಾರೂ ಒಳಗೆ ದನ ಬಿಡಬಾರದು ಎಂದು ಮಾತಾಯಿತು. ಒಪ್ಪಿದವರೆಲ್ಲ ಸ್ವಂತ ಹೊಲ ಇದ್ದವರು.

ಗುಂಡಿ ತೋಡುವ ದಿನ ಒಬ್ಬ ಹೆಣ್ಣುಮಗಳು ಆಡುಗಳನ್ನು ಹೊಡೆದುಕೊಂಡು ಬಂದು, ಬೇಲಿಗಾಗಿ ತಂದು ಮಲಗಿಸಿದ್ದ ಕಲ್ಲುಕಂಬದ ಮೇಲೆ ಕೂತಳು.

“ನೀವು ಬೇಲಿ ಹಾಕ್ರಿ ಅಕ್ಕೋರ, ಬ್ಯಾಡ ಅನ್ನಂಗಿಲ್ಲ. ಆದ್ರ ನನಗ ಹೊಲ ಇಲ್ಲ. ಆಡು ಎಲ್ಲಿ ಮೇಯಸ್ಲಿ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು, ನನ್ನ ಸಿಟ್ಟೂ ಕಡಿಮೆಯದಲ್ಲ. ಕೆಲವು ವರ್ಷ ಬೇರೆ ಕಡೆ ನೋಡಬೇಕವ್ವ ಎಂದೆ.

“ಅಲ್ಲಿತನಕಾ ಆಡು ಉಳಿಯಂಗಿಲ್ರಿ, ಮಾರಬೇಕಾಕ್ಕೈತಿ. ಆಡು ಮಾರಿದ್ರ ಅಕಿ ನಿಮ್ಮ ಕಾಲೇಜಿಗೆ ಬರೂದೂ ನಿಂತಂಗ,” ಎಂದು ಗುದ್ದಲಿ ಹಿಡಿದಿದ್ದ ನನ್ನ ವಿದ್ಯಾರ್ಥಿನಿಯೊಬ್ಬಳತ್ತ ನೋಡಿದಳು. ಅವಳು ಇವಳ ಮಗಳು. ಅಷ್ಟು ಹೊತ್ತೂ ಬಂದವರು ಯಾರೋ ಎನ್ನುವಂತೆ ತಲೆ ಬಗ್ಗಿಸಿ ಗುಂಡಿ ತೋಡುತ್ತಿದ್ದಳು. ಈಗಲೂ ತಲೆ ಎತ್ತಲಿಲ್ಲ.

ಆ ಹುಡುಗಿ ಓದಿನಲ್ಲಿ ಚುರುಕು, ಎಂ.ಎಸ್ಸಿ. ಮಾಡುವ ಆಸೆಯವಳು. ಅವಳ ಕಾಲೇಜು ಬಿಡಿಸುವ ಕೆಲಸವನ್ನು ಅವಳ ಕೈಯಿಂದಲೇ ಮಾಡಿಸುತ್ತಿದ್ದೇನಲ್ಲ ಎಂದು ಸಂಕಟವಾಯಿತು.

ಸಾಲೋಟಗಿ ಕಡೆಯ ನನ್ನ ತವರಿನಲ್ಲಿ ಆಯಿ, ನಮ್ಮ ಅಜ್ಜಿ, ಆಡುಗಳನ್ನು ಪಾಲಿಗೆ ಕೊಡುತ್ತಿದ್ದಳು. ಆಡು ನಮ್ಮದು, ಸಾಕುವವರು ಬೇರೆಯವರು, ಹುಟ್ಟಿದ ಮರಿಗಳಲ್ಲಿ ಇಬ್ಬರಿಗೂ ಪಾಲು. ಅದು ನೆನಪಾದದ್ದೇ ತಡ, ಕೇಳಿಬಿಟ್ಟೆ: “ಬೇಲಿ ಬ್ಯಾಡ. ಸಸಿ ಪಾಲಿಗೆ ಕೊಟ್ರ ಸಾಕ್ತೀಯೇನವ್ವ? ಗಿಡ ಊರಿಂದು. ತಪ್ಪಲ ಸೊಪ್ಪು, ಕಾಯಿ ಸಾಕಿದವರಿಗೆ.”

“ಆಡಿನಾಕಿ ಕೈಯಾಗ ಸಸಿ ಕೊಡ್ತೀರೇನ್ರಿ?” ಎಂದು ಅವಳು ನಕ್ಕಳು. ನಕ್ಕು ಮುಗಿಸಿ, ಆಡು ತಿನ್ನುವ ಬನ್ನಿ, ಬೇವಿನ ಸಸಿಗಳನ್ನೇ ಆರಿಸಿಕೊಂಡಳು. ನಾನು ಆಸೆಪಟ್ಟು ತಂದಿದ್ದ ಹೂವಿನ ಗಿಡಗಳ ಕಡೆ ತಿರುಗಿಯೂ ನೋಡಲಿಲ್ಲ. ಅವಳ ಹಿಂದೆ ಹೊಲವಿಲ್ಲದ ಉಳಿದ ಮನೆಗಳವರೂ ಸಸಿ ಕೇಳಿಕೊಂಡು ಬಂದರು. ನಮ್ಮ ಹುಡುಗರು ಜಾಲಿಮುಳ್ಳು ಕಡಿದು ತಂದು ಸಸಿಗಳ ಸುತ್ತ ಕಟ್ಟಿದರು, ರಜೆಯಲ್ಲಿ ಸರದಿಯ ಮೇಲೆ ಬಂದು ನೀರು ಹೊತ್ತರು. ಇದು ನಡೆಯುವ ಮಾತಲ್ಲ ಎಂದು ಹಿರಿಯರು ಗೊಣಗಿದರು, ಆದರೆ ಅಡ್ಡ ಬರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಮುಂಜಾನೆ, ಪಾಠದ ನಡುವೆ, ಆ ತಾಯಿ ತರಗತಿಯ ಬಾಗಿಲಿಗೆ ಬಂದು ನಿಂತಳು. ಕಾಲೇಜಿನೊಳಗೆ ಅವಳು ಕಾಲಿಟ್ಟದ್ದು ಅದೇ ಮೊದಲು.

“ಅಕ್ಕೋರ, ನೀವು ಪಾಲಿಗೆ ಕೊಟ್ಟ ಬನ್ನಿ ಸಸಿ ಒಂದು ಹೋತ್ರಿ. ಮುಳ್ಳು ಸರಿಸಿ ಆಡು ತಿಂದೈತಿ. ಬ್ಯಾರೆದವರದಲ್ಲ, ನಂದ ಆಡು. ಇನ್ನೊಂದು ಸಸಿ ಕೊಡ್ರಿ.”

ಗಾಯರಾಣಕ್ಕೆ ಬಾರದ ಹಿಂದಿನ ಬೆಂಚಿನವರು ಕಿಸಕ್ಕೆಂದರು. “ಯಾರ್ಲೇ ಇಕಿ?” ಎಂದು ಒಬ್ಬ ಕೇಳಿದ.

ಮಗಳು ಎದ್ದು ನಿಂತು ಅವನತ್ತ ತಿರುಗಿದಳು. “ನಮ್ಮವ್ವ,” ಎಂದಳು, ಎಲ್ಲರಿಗೂ ಕೇಳುವಂತೆ. ಆಮೇಲೆ ಪುಸ್ತಕ ಬದಿಗೆ ಸರಿಸಿ ತಾಯಿಗೆ ತನ್ನ ಬೆಂಚಿನಲ್ಲಿ ಜಾಗ ಮಾಡಿಕೊಟ್ಟಳು.