ಗೋಡೆ ಹತ್ತಿದ ಪದ್ಯ

"ಎಣಿಸಿದ್ರೆ ನೋವು ಗೊತ್ತಾಗುತ್ತೆ ಕಣಮ್ಮ, ಪದ್ಯ ಹೇಳಿದ್ರೆ ಗೊತ್ತಾಗಲ್ಲ."

ಹಸಿರು ಪರದೆಯ ಆಚೆಯಿಂದ ಅಜ್ಜಿಯೊಬ್ಬರ ದನಿ ಬಂತು. ಹತ್ತು ಎಣಿಸುವವರೆಗೆ ಕಾಲು ಎತ್ತಿ ಹಿಡಿಯಿರಿ ಎಂದು ಫಿಸಿಯೋಥೆರಪಿ ಹುಡುಗಿ ಅವರಿಗೆ ಹೇಳಿದ್ದಳು. ಅವರು ಹೊಳೆ ದಾಟುವ ದೋಣಿಯ ಪದ್ಯವೊಂದನ್ನು ಶುರುಮಾಡಿದರು.

ಚಂದ್ರಾ ಲೇಔಟಿನ ಆ ಕ್ಲಿನಿಕ್ಕಿನಲ್ಲಿ, ಪರದೆಯ ಈಚೆ, ನಾನು ಗೋಡೆಗೆ ಮುಖ ಮಾಡಿ ನಿಂತಿದ್ದೆ. ಭುಜ ಬಿಗಿದು ಕೈ ಎತ್ತಲಾಗದವರು ಅಲ್ಲಿ ಬೆರಳುಗಳನ್ನು ಇರುವೆಯಂತೆ ಗೋಡೆ ಹತ್ತಿಸಬೇಕು. ಮುಟ್ಟಿದ ಜಾಗಕ್ಕೆ ಹುಡುಗಿ ಪೆನ್ಸಿಲ್ ಗೆರೆ ಎಳೆಯುತ್ತಾಳೆ. ಎರಡು ವಾರವಾದರೂ ನನ್ನ ಗೆರೆ ಕಿವಿಯ ಮಟ್ಟ ಬಿಟ್ಟು ಕದಲಿರಲಿಲ್ಲ.

ಮೂರನೇ ಸಾಲಿನಲ್ಲಿ ಅಜ್ಜಿ ತಡವರಿಸಿದರು. ಮುಂದಿನ ಸಾಲು ನನ್ನ ಬಾಯಿಂದ ಬಂದುಬಿಟ್ಟಿತು. ಏಳನೇ ಕ್ಲಾಸಿನಲ್ಲಿ ಬೈಸಿಕೊಂಡು ಬಾಯಿಪಾಠ ಮಾಡಿದ್ದ ಪದ್ಯ, ಆಮೇಲೆ ಒಮ್ಮೆಯೂ ನೆನಪಾಗಿರಲಿಲ್ಲ.

"ಯಾರಮ್ಮ ಅದು? ನಿಲ್ಲಿಸ್ಬೇಡಿ, ಹೇಳಿ," ಎಂದರು ಅಜ್ಜಿ.

ಇಬ್ಬರೂ ಸೇರಿ ಹೇಳಿದೆವು. ಹೊರಗಿನ ಆಟೋಗಳ ಸದ್ದು ಎಲ್ಲೋ ದೂರ ಸರಿಯಿತು. ಕಾಲಡಿಯ ಟೈಲ್ಸ್ ನೀರಾಗಿ ಮೆಲ್ಲಗೆ ತೂಗಿದ ಹಾಗಾಯಿತು. ಪದ್ಯ ಮುಗಿದಾಗ ನೋಡಿದರೆ ನನ್ನ ಕೈ ಗೆರೆ ದಾಟಿ ನಾಲ್ಕು ಬೆರಳಿನಷ್ಟು ಮೇಲಿತ್ತು.

ನನ್ನ ವ್ಯಾಯಾಮ ಮುಗಿಸಿ ಪರದೆ ಸರಿಸುವಷ್ಟರಲ್ಲಿ ಅಜ್ಜಿ ಹೊರಟುಹೋಗಿದ್ದರು. ಈಗ ಮನೆಯಲ್ಲಿ ಅದೇ ಪದ್ಯ ಹೇಳುತ್ತಾ ಅಡುಗೆಮನೆಯ ಗೋಡೆಯನ್ನು ಬೆರಳುಗಳಲ್ಲಿ ಪದಕ್ಕೊಂದು ಹೆಜ್ಜೆಯಂತೆ ಹತ್ತುತ್ತೇನೆ, ಪೆನ್ಸಿಲ್ ಬೇಕಾಗಿಲ್ಲ. ಇವತ್ತು ಕೈ ಎಲ್ಲಿವರೆಗೆ ಹೋಯ್ತು ಎಂದು ಮನೆಯವರು ಕೇಳಿದರೆ, "ದಡ ಸೇರೋಕೆ ಇನ್ನೆರಡು ಸಾಲು ಇದೆ," ಎನ್ನುತ್ತೇನೆ.